ಬೇಲಿಯ ಮೂಲೆ ಕಂಬಕ್ಕೆ ಯಾವ ಆಸರೆ? ಸಪೋರ್ಟ್ ಕಲ್ಲಿನಿಂದ ಸ್ಕ್ರೂ ಆಂಕರ್‌ವರೆಗೆ ಒಂದು ಹೋಲಿಕೆ

ಶಿರಾ ಹತ್ತಿರ ನಮ್ಮದು ಎರಡೂವರೆ ಎಕರೆ ಕೆಂಪು ಮಣ್ಣಿನ ಹೊಲ. ಒಂದು ಬೇಸಿಗೆಯಲ್ಲಿ ಅದಕ್ಕೆ ಕಲ್ಲು ಕಂಬ ನೆಡಿಸಿ ಐದು ಎಳೆ ಮುಳ್ಳುತಂತಿ ಎಳೆಸಿದೆವು. ಹಾಕಿದ ದಿನ ತಂತಿ ಎಷ್ಟು ಬಿಗಿಯಾಗಿತ್ತೆಂದರೆ, ಬೆರಳಿನಿಂದ ಮೀಟಿದರೆ ಸದ್ದು ಬರುತ್ತಿತ್ತು. ದೀಪಾವಳಿ ಹೊತ್ತಿಗೆ ಹೋಗಿ ನೋಡಿದರೆ ಈಶಾನ್ಯ ಮೂಲೆಯ ಕಂಬ ಒಳಕ್ಕೆ ಒಂದು ಗೇಣು ವಾಲಿತ್ತು. ತಂತಿ ಜೋತುಬಿದ್ದು ಕುರಿ ನುಗ್ಗುವಷ್ಟು ಸಂದಿಯಾಗಿತ್ತು. ನಡುವಿನ ಕಂಬಗಳೆಲ್ಲ ನೆಟ್ಟಗೇ ನಿಂತಿದ್ದವು. ಒಂದು ಮೂಲೆ ಸೋತಿದ್ದಕ್ಕೆ ಎರಡು ಸಾಲು ಬೇಲಿ ಸಡಿಲವಾಗಿತ್ತು.

ಆ ಮೂಲೆಗೆ ಸಪೋರ್ಟ್ ಕಲ್ಲು, ಅಂದರೆ ಕಂಬಕ್ಕೆ ಓರೆಯಾಗಿ ಒರಗಿಸುವ ಕಲ್ಲು, ಕೊಟ್ಟಿರಲಿಲ್ಲ ಅಂತಲ್ಲ. ಕೊಟ್ಟಿದ್ದರು. ಆದರೆ ಅದರ ಬುಡವನ್ನು ಅರ್ಧ ಅಡಿ ಮಣ್ಣಿನಲ್ಲಿ ಸುಮ್ನೆ ಊರಿಬಿಟ್ಟಿದ್ದರು. ಮಳೆ ಬಿದ್ದು ಮಣ್ಣು ಮೆತ್ತಗಾದ ಕೂಡಲೇ ಕಲ್ಲಿನ ಬುಡ ಜಾರಿತು, ಕಂಬ ಅದರ ಹಿಂದೆಯೇ ವಾಲಿತು. ಆಮೇಲೆ ಆ ಮೂಲೆಯನ್ನು ನಾವೇ ಬಿಚ್ಚಿ ಕಟ್ಟಿದೆವು. ರೋಣದ ಕಡೆ ಅಕ್ಕನ ಎರೆ ಹೊಲದಲ್ಲಿ, ಕುಮಟಾದಲ್ಲಿ ಗೆಳೆಯನ ತೋಟದಲ್ಲಿಯೂ ಇದೇ ಕೆಲಸಕ್ಕೆ ಕೈ ಹಾಕಿದ್ದಾಯಿತು. ಮೂರೂ ಕಡೆ ಮಣ್ಣು ಬೇರೆ, ಹಾಗಾಗಿ ಮೂರೂ ಕಡೆ ಆರಿಸಿದ ಆಸರೆಯೂ ಬೇರೆ. ನೀವು ಅಂಗಡಿಗೆ ಹೋಗುವ ಮೊದಲು ಹಾರೆ ಹಿಡಿದು ಹೊಲದ ಮೂಲೆಯಲ್ಲಿ ಎರಡು ಅಡಿ ಅಗೆದು ನೋಡಿ. ಯಾವುದು ಬೇಕು ಅನ್ನುವ ಪ್ರಶ್ನೆಗೆ ಅರ್ಧ ಉತ್ತರ ಆ ಗುಂಡಿಯಲ್ಲೇ ಇರುತ್ತದೆ.

ಎಳೆತ ಎಷ್ಟು, ಯಾವ ಕಡೆಗೆ?

ಬೇಲಿಯ ನಡುವಿನ ಕಂಬಕ್ಕೆ ಎರಡೂ ಕಡೆಯಿಂದ ಸಮನಾದ ಎಳೆತ. ಅದು ತಂತಿಯನ್ನು ಹಿಡಿದುಕೊಂಡು ನಿಂತರೆ ಸಾಕು. ಕಷ್ಟವೆಲ್ಲ ಮೂಲೆ ಕಂಬ, ಕೊನೆ ಕಂಬ, ಗೇಟಿನ ಎರಡು ಕಂಬ ಮತ್ತು ಇಳಿಜಾರು ತಿರುಗುವ ಜಾಗದ ಕಂಬಗಳಿಗೆ. ದುಡ್ಡು ಉಳಿಸಬೇಕೆಂದರೆ ನಡುವಿನ ಕಂಬಗಳಲ್ಲಿ ಉಳಿಸಿ, ಇವುಗಳಲ್ಲಿ ಬೇಡ.

ಒಂದು ಎಳೆ ತಂತಿಗೆ 80ರಿಂದ 100 ಕೆಜಿ ಬಿಗಿ ಕೊಟ್ಟಿದ್ದೀರಿ ಎಂದು ಹಿಡಿಯಿರಿ. ಐದು ಎಳೆಗೆ 400ರಿಂದ 500 ಕೆಜಿ ಆಯಿತು. ಒಂದು ಜೋಡಿ ಎತ್ತಿನ ತೂಕದ ಅರ್ಧದಷ್ಟು ಭಾರ ಹಗಲೂ ರಾತ್ರಿ ಆ ಕಂಬವನ್ನು ಒಂದೇ ಕಡೆಗೆ ಎಳೆಯುತ್ತಿರುತ್ತದೆ. ಚಳಿಗಾಲದ ಬೆಳಗಿನ ಜಾವ ತಂತಿ ಕುಗ್ಗಿ ಎಳೆತ ಇನ್ನೂ ಏರುತ್ತದೆ. ಅದರ ಮೇಲೆ ಎಮ್ಮೆಯೊಂದು ಮೈ ಉಜ್ಜಿದರೆ ಕೇಳುವುದೇ ಬೇಡ. ಕಂಬ ನೆಲದೊಳಗೆ ಎರಡಡಿ, ನೆಲದ ಮೇಲೆ ಐದಡಿ. ಹಾರೆ ಹಾಕಿ ಬಂಡೆ ಮೀಟುವ ಹಾಗೆ ತಂತಿ ಕಂಬವನ್ನು ಮೀಟುತ್ತಿರುತ್ತದೆ. ಎರಡಡಿ ಮಣ್ಣು ಅದನ್ನು ಎಷ್ಟು ಕಾಲ ತಡೆದೀತು?

ಇನ್ನೊಂದು ಲೆಕ್ಕ ಸ್ಟೇ ವೈರಿನದು. ಕಂಬದಿಂದ ನೆಲಕ್ಕೆ ಓರೆಯಾಗಿ ಕಟ್ಟುವ ತಂತಿಯನ್ನು 45 ಡಿಗ್ರಿಯಲ್ಲಿ ಇಳಿಸಿದರೆ, 500 ಕೆಜಿ ಎಳೆತ ತಡೆಯಲು ಆ ತಂತಿ ಸುಮಾರು 700 ಕೆಜಿ ಹೊರಬೇಕು. ಜಾಗ ಸಾಲದು ಅಂತ ಕಂಬದ ಬುಡಕ್ಕೆ ಹತ್ತಿರ ತಂದು ನೆಲಕ್ಕೆ 60 ಡಿಗ್ರಿ ಮಾಡಿದರೆ ಅದು 1000 ಕೆಜಿಗೆ ಏರುತ್ತದೆ. ದೂರ ಒಯ್ದು 30 ಡಿಗ್ರಿ ಮಾಡಿದರೆ 580ರ ಆಸುಪಾಸು. ಹಾಗಾಗಿ ತಂತಿ ಕಂಬಕ್ಕೆ ನಾಲ್ಕಡಿ ಎತ್ತರದಲ್ಲಿ ಕಟ್ಟಿದರೆ, ನೆಲ ಹೊಗುವ ಜಾಗವೂ ಬುಡದಿಂದ ನಾಲ್ಕಡಿ ಆಚೆಗಿರಲಿ. ಇದೊಂದನ್ನು ಪಾಲಿಸಿದರೆ ಅರ್ಧ ತೊಂದರೆ ಕಡಿಮೆ.

ನೆಲದೊಳಗಿನ ಹಿಡಿತ ಬರುವುದು ಕಬ್ಬಿಣದಿಂದ ಅಲ್ವೇ ಅಲ್ಲ. ಹೂತಿಟ್ಟ ಕಲ್ಲು, ತಗಡು, ಸ್ಕ್ರೂ ಯಾವುದೇ ಆಗಲಿ, ಅದು ಮೇಲೆ ಬರಬೇಕಾದರೆ ತನ್ನ ಮೇಲಿರುವ ಮಣ್ಣನ್ನೆಲ್ಲ ಹೊತ್ತು ತರಬೇಕು. ಆ ಮಣ್ಣು ಬಾವಿಯ ಹಾಗೆ ನೆಟ್ಟಗೆ ಎದ್ದು ಬರುವುದಿಲ್ಲ. ಕೆಳಗೆ ಕಿರಿದು, ಮೇಲೆ ಅಗಲವಾಗಿ, ಮಂಕರಿಯ ಆಕಾರದಲ್ಲಿ ಏಳಬೇಕು. ಆದ್ದರಿಂದ ಆಳ ಎರಡರಷ್ಟಾದರೆ ಹಿಡಿತ ಎರಡರಷ್ಟಲ್ಲ, ಅದಕ್ಕಿಂತ ಬಹಳ ಜಾಸ್ತಿ ಆಗುತ್ತದೆ. ಆದರೆ ಇದು ಗಟ್ಟಿ ಮಣ್ಣಿನ ಮಾತು. ಗುಂಡಿಗೆ ಮಣ್ಣನ್ನು ಸಡಿಲವಾಗಿ ತುಂಬಿಬಿಟ್ಟರೆ ಮಂಕರಿಯೂ ಇಲ್ಲ, ಏನೂ ಇಲ್ಲ.

ಸಪೋರ್ಟ್ ಕಲ್ಲು: ನಮ್ಮವರ ಹಳೇ ಉಪಾಯ

ತುಮಕೂರು, ಕೋಲಾರ, ಚಿತ್ರದುರ್ಗದ ಕಡೆ ಯಾವ ಹೊಲದ ಮೂಲೆಗೆ ಹೋದರೂ ಇದು ಕಾಣುತ್ತದೆ. ಮೂಲೆ ಕಂಬಕ್ಕೆ ಎರಡೂ ಸಾಲಿನ ದಿಕ್ಕಿನಲ್ಲಿ ಒಂದೊಂದು ಕಲ್ಲು ಓರೆಯಾಗಿ ಒರಗಿರುತ್ತದೆ. ಇದು ಎಳೆದು ಹಿಡಿಯುವುದಿಲ್ಲ, ತಳ್ಳಿ ಹಿಡಿಯುತ್ತದೆ. ಹೀಗಾಗಿ ಆಸರೆ ನಮ್ಮ ಜಮೀನಿನ ಒಳಗೇ ಇರುತ್ತದೆ. ಇದು ಚಿಕ್ಕ ಲಾಭವಲ್ಲ. ಸ್ಟೇ ವೈರ್ ಹಾಕಬೇಕೆಂದರೆ ಎಳೆತದ ಎದುರು ದಿಕ್ಕಿಗೆ, ಅಂದರೆ ಬೇಲಿಯ ಹೊರಗೆ ಹೋಗಬೇಕು. ಅಲ್ಲಿ ಪಕ್ಕದವರ ಬದು ಇರುತ್ತದೆ, ಇಲ್ಲವೇ ಬಂಡಿ ದಾರಿ. ನೆರೆಯವರ ಜೊತೆ ಮನಸ್ತಾಪ ಬೇಡ ಅನ್ನುವವರಿಗೆ ಸಪೋರ್ಟ್ ಕಲ್ಲೇ ಸಲೀಸು. ತುಕ್ಕು ಹಿಡಿಯುವ ಮಾತಿಲ್ಲ. ಮೊಮ್ಮಕ್ಕಳ ಕಾಲಕ್ಕೂ ಇರುತ್ತದೆ.

ಇದರ ಜೀವ ಇರುವುದು ಬುಡದಲ್ಲಿ. ಓರೆ ಕಲ್ಲಿನ ತುದಿ ನೆಲದೊಳಗೆ ಒಂದೂವರೆ ಅಡಿಯಾದರೂ ಇಳಿಯಬೇಕು. ಅದರ ಹಿಂದೆ ಒಂದು ಚಪ್ಪಡಿಯನ್ನು ನಿಲ್ಲಿಸಿ, ಆ ಚಪ್ಪಡಿ ಅಗೆಯದ ಗಟ್ಟಿ ಮಣ್ಣಿಗೆ ಒರಗಬೇಕು. ಚಪ್ಪಡಿ ಸಿಗದಿದ್ದರೆ ಒಂದು ಬಾಂಡಲಿ ಕಾಂಕ್ರೀಟ್ ಹಾಕಿ. ನಮ್ಮ ಮೂಲೆಯಲ್ಲಿ ತಪ್ಪಿದ್ದು ಇದೇ. ಮೇಲಿನ ತುದಿ ಕಂಬದ ಮೂರನೇ ಎರಡು ಭಾಗದಷ್ಟು ಎತ್ತರದಲ್ಲಿ ಕೂರಲಿ, ಕಂಬದಲ್ಲಿ ಒಂದು ಕಚ್ಚು ಹೊಡೆಸಿದರೆ ಜಾರುವುದಿಲ್ಲ.

ಕೊರತೆಯೂ ಇದೆ. ಓರೆ ಕಲ್ಲು ಕಂಬವನ್ನು ಹಿಂದಕ್ಕೆ ತಳ್ಳುವ ಜೊತೆಗೆ ಮೇಲಕ್ಕೂ ಒತ್ತುತ್ತದೆ. ಕಡಿದಾಗಿ ನಿಲ್ಲಿಸಿದಷ್ಟೂ ಮೇಲಕ್ಕೆ ಒತ್ತುವುದು ಜಾಸ್ತಿ. ಆಳ ಕಡಿಮೆಯಾದ ಕಂಬ ವರ್ಷ ವರ್ಷ ಒಂದಿಷ್ಟು ಮೇಲೇಳುತ್ತಾ ಬರುತ್ತದೆ. ಅದಕ್ಕೇ ಸಪೋರ್ಟ್ ಕಲ್ಲು ಕೊಡುವ ಕಂಬವನ್ನು ಎರಡೂವರೆ, ಮೂರಡಿ ಇಳಿಸಿ ಕಾಂಕ್ರೀಟ್ ಹಾಕಬೇಕು. ಆಮೇಲೆ ಬಿಗಿ ಮಾಡುವ ದಾರಿ ಇದರಲ್ಲಿ ಇಲ್ಲ. ಒಮ್ಮೆ ಸಡಿಲವಾದರೆ ಬಿಚ್ಚಿಯೇ ಕಟ್ಟಬೇಕು.

ಕಲ್ಲಿನ ಬದಲು ಕಬ್ಬಿಣದ ಕಂಬ ಹಾಕುವವರು ಎರಡು ಕಂಬಗಳ ಜೋಡಿ ಕಟ್ಟುವುದುಂಟು. ಕೊನೆ ಕಂಬದಿಂದ ಆರೆಂಟು ಅಡಿ ದೂರದಲ್ಲಿ ಇನ್ನೊಂದು ಕಂಬ, ಎರಡರ ತಲೆಗೂ ಒಂದು ಅಡ್ಡ ಪೈಪು. ಕೊನೆ ಕಂಬದ ಬುಡದಿಂದ ಎರಡನೇ ಕಂಬದ ತಲೆಗೆ ಓರೆ ತಂತಿ. ಇದೂ ಬೇಲಿಯ ಸಾಲಿನಲ್ಲೇ ಮುಗಿಯುತ್ತದೆ, ಹೊರಗೆ ಜಾಗ ಕೇಳುವುದಿಲ್ಲ. ಓರೆ ತಂತಿಯನ್ನು ಉಲ್ಟಾ ಕಟ್ಟಿದರೆ, ಅಂದರೆ ಕೊನೆ ಕಂಬದ ತಲೆಯಿಂದ ಎರಡನೆಯದರ ಬುಡಕ್ಕೆ ಕಟ್ಟಿದರೆ, ಅದು ಎಳೆತಕ್ಕೇ ಸಹಾಯ ಮಾಡುತ್ತದೆ. ಹೀಗೆ ಕಟ್ಟಿದ ಬೇಲಿಗಳನ್ನು ನಾನು ನೋಡಿದ್ದೇನೆ.

ಹೂತ ಕಲ್ಲು: ಕಡಿಮೆ ಖರ್ಚು, ದೊಡ್ಡ ಹಿಡಿತ

ನನ್ನ ಮನಸ್ಸು ಹೆಚ್ಚು ಒಲಿಯುವುದು ಇದಕ್ಕೆ. ಎರಡಡಿ ಉದ್ದ, ಒಂದಡಿ ಅಗಲ, ಅರ್ಧ ಅಡಿ ದಪ್ಪದ ಒಂದು ಸೈಜುಗಲ್ಲು ತೆಗೆದುಕೊಳ್ಳಿ. ಕಲ್ಲಿನ ತೂಕ 70 ಕೆಜಿ ಚಿಲ್ಲರೆ. ಮೂರಡಿ ಆಳದಲ್ಲಿ ಮಲಗಿಸಿದರೆ ಅದರ ನೆತ್ತಿಯ ಮೇಲಿನ ಮಣ್ಣೇ 270 ಕೆಜಿ ದಾಟುತ್ತದೆ. ಚೆನ್ನಾಗಿ ದಮ್ಮಸು ಮಾಡಿದ ಗಟ್ಟಿ ಮಣ್ಣಾದರೆ ಅಕ್ಕಪಕ್ಕದ ಮಣ್ಣೂ ಜೊತೆಗೆ ಏಳಬೇಕಾದ್ದರಿಂದ ಹಿಡಿತ ಇದರ ಎಷ್ಟೋ ಪಟ್ಟು. ಅದೇ ಕಲ್ಲನ್ನು ಒಂದಡಿಯಲ್ಲಿ ಹೂತರೆ ಎತ್ತು ಎಳೆದರೂ ಕಿತ್ತು ಬರುತ್ತದೆ.

ಹೂಳುವ ರೀತಿ ಮುಖ್ಯ. ಗುಂಡಿಯನ್ನು ಎಳೆತಕ್ಕೆ ಅಡ್ಡಲಾಗಿ, ಕಿರಿದಾಗಿ ಅಗೆಯಿರಿ. ಕಂಬದ ಕಡೆಯ ಗೋಡೆಯನ್ನು ಮುಟ್ಟಬೇಡಿ, ಅದು ಹಿಂದೆಂದೂ ಅಗೆಯದ ಮಣ್ಣಾಗಿಯೇ ಇರಲಿ. ತಳದಲ್ಲಿ ಆ ಗೋಡೆಯ ಕೆಳಗೆ ಸ್ವಲ್ಪ ಒಳಕ್ಕೆ ಕೊರೆದು ಕಲ್ಲನ್ನು ಅದರಡಿ ತೂರಿಸಿ. ಕಲ್ಲಿಗೆ ಬಿಗಿದ ಸಲಾಕೆ ಮೇಲೆ ಬರಲು ಅದೇ ಗೋಡೆಯಲ್ಲಿ ಹಾರೆಯಿಂದ ಒಂದು ಸಣ್ಣ ಓರೆ ಸೀಳು ಮಾಡಿ. ಸಲಾಕೆ, ಅದರ ಮೇಲಿನ ತಂತಿ, ಕಂಬಕ್ಕೆ ಕಟ್ಟುವ ಜಾಗ ಮೂರೂ ಒಂದೇ ಗೆರೆಯಲ್ಲಿರಬೇಕು. ಸಲಾಕೆಯನ್ನು ನೆಟ್ಟಗೆ ನಿಲ್ಲಿಸಿ ಮೇಲೆ ತಂತಿಯನ್ನು ಓರೆಯಾಗಿ ಕಟ್ಟಿದರೆ, ಮಳೆಗಾಲದಲ್ಲಿ ಸಲಾಕೆ ಮಣ್ಣನ್ನು ಕೊಯ್ದುಕೊಂಡು ತಾನೇ ಓರೆಯಾಗುತ್ತದೆ. ಅಷ್ಟೂ ಉದ್ದ ತಂತಿ ಸಡಿಲ.

ಜೆಸಿಬಿ ಬಂದಿದೆ, ಒಂದು ಬಕೆಟ್ ಹಾಕಿ ಗುಂಡಿ ತೆಗೆಸೋಣ ಅನ್ನಿಸುತ್ತದೆ. ದಯವಿಟ್ಟು ಬೇಡ. ನಾಲ್ಕಡಿ ಅಗಲದ ಗುಂಡಿಯಲ್ಲಿ ಗಟ್ಟಿ ಗೋಡೆಯೇ ಉಳಿಯುವುದಿಲ್ಲ. ಈ ಕೆಲಸಕ್ಕೆ ಹಾರೆ, ಗುದ್ದಲಿಯೇ ಒಳ್ಳೆಯದು.

ತುಂಬುವಾಗ ಒಂದು ಸಲಕ್ಕೆ ಅರ್ಧ ಅಡಿ ಮಣ್ಣು, ಸ್ವಲ್ಪ ನೀರು ಚಿಮುಕಿಸಿ ದಮ್ಮಸು, ಮತ್ತೆ ಅರ್ಧ ಅಡಿ. ಕೆಸರು ಮಾಡಬೇಡಿ, ಮುಷ್ಟಿಯಲ್ಲಿ ಹಿಡಿದರೆ ಉಂಡೆ ಕಟ್ಟುವಷ್ಟು ಒದ್ದೆ ಸಾಕು. ನೆಲದೊಳಗೆ ಹೋಗುವ ಭಾಗಕ್ಕೆ ಬರೀ ಜಿಐ ತಂತಿ ಸುತ್ತಿ ಹೂಳುವವರು ಬಹಳ ಜನ. ಮಣ್ಣು ಮತ್ತು ಗಾಳಿ ಸೇರುವ ಜಾಗದಲ್ಲಿ, ಅಂದರೆ ನೆಲದ ಮಟ್ಟದಲ್ಲೇ, ತಂತಿ ಮೊದಲು ತುಕ್ಕು ತಿನ್ನುತ್ತದೆ. ಮೇಲೆ ನೋಡಲು ಹೊಳೆಯುತ್ತಿದ್ದರೂ ಅಲ್ಲಿ ನೂಲಿನಷ್ಟಾಗಿರುತ್ತದೆ. ಅಲ್ಲಿ 12 ಅಥವಾ 16 ಎಂಎಂ ಸಲಾಕೆಯೇ ಇರಲಿ. ಅದರ ಕಿವಿ, ಅಂದರೆ ತಂತಿ ಪೋಣಿಸುವ ಬಳೆ, ನೆಲದಿಂದ ಒಂದು ಗೇಣು ಮೇಲೆ ಕಾಣಲಿ.

ಸ್ಟೇ ಸೆಟ್: ಕರೆಂಟ್ ಕಂಬದವರ ಸಾಮಾನು

ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಸ್ಟೇ ಸೆಟ್ ಎಂದು ಕೇಳಿದರೆ ಕೊಡುತ್ತಾರೆ. ಒಂದು ಉದ್ದನೆಯ ಸಲಾಕೆ, ಅದರ ಕೆಳ ತುದಿಗೆ ಚೌಕ ತಗಡು, ಮೇಲೆ ಬಿಗಿ ಮಾಡುವ ತಿರುಪು, ಥಿಂಬಲ್ (ತಂತಿಯ ಮಡಿಕೆಯೊಳಗೆ ಕೂರುವ ಲೋಹದ ತೋಡು). ಮನೆಗಳಿಗೆ ಕರೆಂಟ್ ಕೊಡುವ ಎಲ್‌ಟಿ ಲೈನಿಗೆ ಸಾಮಾನ್ಯವಾಗಿ 16 ಎಂಎಂ ದಪ್ಪ, 1.8 ಮೀಟರ್ ಉದ್ದದ ಸಲಾಕೆ. 11 ಕೆವಿ ಲೈನಿಗೆ 20 ಎಂಎಂ ದಪ್ಪದ್ದು. ಬೇಲಿಯ ಮೂಲೆಗೆ 16 ಎಂಎಂನದು ಧಾರಾಳ ಸಾಕು.

ಹೂತ ಕಲ್ಲಿನ ತತ್ವವೇ ಇದರದ್ದೂ. ಹೆಚ್ಚಿನ ಲಾಭ ಎರಡು. ಸಲಾಕೆ ಮೊದಲೇ ಸತುವಿನ ಲೇಪದ್ದಾಗಿರುತ್ತದೆ. ತಿರುಪು ಇರುವುದರಿಂದ ವರ್ಷಕ್ಕೊಮ್ಮೆ ಬಿಗಿ ಮಾಡಬಹುದು. ಈ ಎರಡನೆಯ ಲಾಭಕ್ಕೇ ಕೊಟ್ಟ ದುಡ್ಡು ಸಾರ್ಥಕ. ಕಟ್ಟುವಾಗ ತಿರುಪನ್ನು ಪೂರ್ತಿ ಬಿಗಿದುಬಿಡಬೇಡಿ. ಅರ್ಧಕ್ಕಿಂತ ಹೆಚ್ಚು ಸುತ್ತು ಮುಂದಿನ ವರ್ಷಗಳಿಗೆ ಉಳಿದಿರಲಿ. ತಗಡಿನ ಮೇಲೆ ಕಾಂಕ್ರೀಟ್ ಹಾಕಿದರೆ ಒಂದು ವಾರ ನೀರುಣಿಸಿ, ಆಮೇಲೆ ತಂತಿ ಎಳೆಯಿರಿ. ಇವತ್ತು ಕಾಂಕ್ರೀಟ್ ಹಾಕಿ ನಾಳೆ ಬೇಲಿ ಬಿಗಿಯುವ ಆತುರದಲ್ಲೇ ಎಷ್ಟೋ ಮೂಲೆಗಳು ಕೆಡುತ್ತವೆ.

ಕಾಂಕ್ರೀಟ್ ಬಗ್ಗೆ ಒಂದು ಮಾತು. ಒಂದೂವರೆ ಅಡಿ ಚೌಕದ, ಅಷ್ಟೇ ಎತ್ತರದ ದಿಮ್ಮಿ ಸುಮಾರು 220 ಕೆಜಿ ತೂಗುತ್ತದೆ. ಕೇಳಲು ದೊಡ್ಡದು. ಆದರೆ ಬರೀ ತೂಕವನ್ನೇ ನಂಬಿ ಅದನ್ನು ನೆಲದ ಮಟ್ಟದಲ್ಲಿ ಇಟ್ಟರೆ 700 ಕೆಜಿ ಎಳೆತಕ್ಕೆ ಸಾಲದು. ಅದೇ ದುಡ್ಡಿನಲ್ಲಿ ಆಳ ಅಗೆಸಿ ಸಣ್ಣ ಕಲ್ಲು ಹೂತರೆ ಹೆಚ್ಚು ಹಿಡಿಯುತ್ತದೆ. ಸಿಮೆಂಟ್ ಮೂಟೆಗಿಂತ ಎರಡು ಗಂಟೆ ಅಗೆತ ಲಾಭದ್ದು.

ಸ್ಕ್ರೂ ಆಂಕರ್: ಅಗೆಯದೆ ಹಿಡಿಯುವುದು

ಉದ್ದನೆಯ ಸಲಾಕೆಯ ತುದಿಗೆ ಒಂದೋ ಎರಡೋ ಸುತ್ತಿನ ಅಗಲ ರೆಕ್ಕೆ, ಮೇಲೆ ಒಂದು ಕಿವಿ. ಕಿವಿಗೆ ಹಾರೆ ತೂರಿಸಿ ತಿರುಗಿಸಿದರೆ ತಿರುಪಿನ ಹಾಗೆ ನೆಲಕ್ಕೆ ಇಳಿಯುತ್ತದೆ. ಹೊಸ ವಸ್ತು ಅನ್ನಿಸಿದರೂ ಉಪಾಯ ಹಳೆಯದು. ಅಲೆಕ್ಸಾಂಡರ್ ಮಿಚೆಲ್ ಎಂಬ ಐರ್ಲೆಂಡಿನ ಎಂಜಿನಿಯರ್ 1833ರಲ್ಲಿ ಇದಕ್ಕೆ ಪೇಟೆಂಟ್ ಪಡೆದರು. ಕೆಸರು, ಮರಳಿನ ದಿಬ್ಬಗಳ ಮೇಲೆ ಹಡಗು ಕಟ್ಟಲು, ದೀಪಸ್ತಂಭ ನಿಲ್ಲಿಸಲು ಅವರು ಈ ತಿರುಪು ಕಂಬಗಳನ್ನು ಬಳಸಿದರು. ಅವರಿಗೆ ಕಣ್ಣು ಕಾಣುತ್ತಿರಲಿಲ್ಲ. ನನಗೆ ಇದು ಯಾಕೆ ನೆನಪಿನಲ್ಲಿ ಉಳಿದಿದೆ ಎಂದರೆ, ಸ್ಕ್ರೂ ಆಂಕರ್ ಇಳಿಸುವಾಗ ನಿಜಕ್ಕೂ ಕಣ್ಣಿಗಿಂತ ಕೈ ಹೆಚ್ಚು ಹೇಳುತ್ತದೆ. ಹಾರೆ ತಿರುಗಿಸಲು ಎಷ್ಟು ಬಲ ಬೇಕಾಯಿತೋ ಅದಕ್ಕೆ ತಕ್ಕಷ್ಟೇ ಹಿಡಿತ. ಇದು ಎಂಜಿನಿಯರ್‌ಗಳೂ ಲೆಕ್ಕಕ್ಕೆ ಹಿಡಿಯುವ ನಿಯಮ. ಇಬ್ಬರು ಜೋತುಬಿದ್ದು ತಿರುಗಿಸಿದರೆ ಗಟ್ಟಿ ನೆಲ ಸಿಕ್ಕಿದೆ ಎಂದರ್ಥ. ಒಂದೇ ಕೈಯಲ್ಲಿ ಸರಸರ ಇಳಿದರೆ ಖುಷಿಪಡಬೇಡಿ, ಅಷ್ಟೇ ಸಲೀಸಾಗಿ ಎದ್ದೂ ಬರುತ್ತದೆ. ಅಂಥ ಕಡೆ ಇನ್ನೂ ಉದ್ದನೆಯದು ಬೇಕು, ಇಲ್ಲವೇ ರೆಕ್ಕೆ ದೊಡ್ಡದಿರಬೇಕು.

ರೆಕ್ಕೆಯ ಅಗಲದ ಐದು ಪಟ್ಟಾದರೂ ಆಳ ಇರಲಿ. ಆರಿಂಚಿನ ರೆಕ್ಕೆಗೆ ಎರಡೂವರೆ ಅಡಿ ಅಂದರೆ ಕನಿಷ್ಠ, ನಾಲ್ಕಡಿ ಇದ್ದರೆ ನೆಮ್ಮದಿ. ಇಳಿಸುವುದೂ ತಂತಿಯ ಗೆರೆಯಲ್ಲೇ, ಓರೆಯಾಗಿ.

ಒಳ್ಳೆಯದೇನೆಂದರೆ ಮಣ್ಣು ಕದಡುವುದಿಲ್ಲ, ಇಳಿಸಿದ ದಿನವೇ ತಂತಿ ಕಟ್ಟಬಹುದು, ಬೇಡವಾದಾಗ ಉಲ್ಟಾ ತಿರುಗಿಸಿ ತೆಗೆಯಬಹುದು. ಗುತ್ತಿಗೆ ಹೊಲಕ್ಕೆ, ನರ್ಸರಿಯ ಶೇಡ್ ನೆಟ್ಟಿಗೆ, ಎರಡು ಮೂರು ವರ್ಷಕ್ಕೆ ಜಾಗ ಬದಲಿಸುವ ಬೇಲಿಗೆ ಇದಕ್ಕಿಂತ ಒಳ್ಳೆಯದಿಲ್ಲ. ಕೆಟ್ಟದ್ದೆಂದರೆ ಕಲ್ಲು. ನಮ್ಮ ಬಯಲುಸೀಮೆಯ ಗರಸು ಮಣ್ಣಿನಲ್ಲಿ ಮುಷ್ಟಿ ಗಾತ್ರದ ಕಲ್ಲು ಸಿಕ್ಕರೂ ರೆಕ್ಕೆ ಮಡಚಿಕೊಳ್ಳುತ್ತದೆ, ಸಲಾಕೆ ತಿರುಚಿಕೊಳ್ಳುತ್ತದೆ. ನಾನು ಶಿರಾದಲ್ಲಿ ಒಂದನ್ನು ಪ್ರಯತ್ನಿಸಿ ಒಂದೂವರೆ ಅಡಿಗೆ ಕೈಬಿಟ್ಟೆ. ಊರಿನ ಹಾರ್ಡ್‌ವೇರ್ ಅಂಗಡಿಗಳಲ್ಲಿ ಸಿಗುವುದೂ ಕಡಿಮೆ. ಆನ್‌ಲೈನ್‌ನಲ್ಲಿ ಕೊಳ್ಳುವಾಗ ನಾಯಿ ಕಟ್ಟುವ, ಟೆಂಟ್ ಕಟ್ಟುವ ಸುರುಳಿ ಗೂಟವನ್ನೂ ಇದೇ ಹೆಸರಿನಲ್ಲಿ ಮಾರುತ್ತಾರೆ. ಬರೀ ಸುರುಳಿ ಕಂಬಿ ಇದ್ದರೆ ಅದು ಬೇಲಿಗಲ್ಲ. ಬೆಸುಗೆ ಹಾಕಿದ ಅಗಲ ರೆಕ್ಕೆ ಇದೆಯೇ ನೋಡಿ.

ಇದರದ್ದೇ ಇನ್ನೊಂದು ಜಾತಿ ಬಡಿದು ಇಳಿಸುವ ಆಂಕರ್. ಬಾಣದ ತುದಿಯಂಥ ಲೋಹದ ತುಂಡಿಗೆ ಕೇಬಲ್ ಕಟ್ಟಿರುತ್ತದೆ. ಸಲಾಕೆಯಿಂದ ಬಡಿದು ಆಳಕ್ಕೆ ಇಳಿಸಿ, ಸಲಾಕೆ ತೆಗೆದು ಕೇಬಲ್ ಎಳೆದರೆ ಆ ತುಂಡು ಒಳಗೆ ಅಡ್ಡ ತಿರುಗಿ ಕಚ್ಚಿಕೊಳ್ಳುತ್ತದೆ. ಸಣ್ಣ ಕಲ್ಲುಗಳ ನಡುವೆಯೂ ನುಸುಳಿ ಹೋಗುತ್ತದೆ. ಆದರೆ ಅದು ತಿರುಗಿತೋ ಇಲ್ಲವೋ ಮೇಲಿನಿಂದ ಕಾಣದು. ಹೈ-ಲಿಫ್ಟ್ ಜಾಕ್ ಅಥವಾ ಚೈನ್ ಪುಲ್ಲರ್ ಹಾಕಿ ಗಟ್ಟಿಯಾಗಿ ಎಳೆದು, ಬಿಗಿ ನಿಂತಿದ್ದನ್ನು ಕೈಯಾರೆ ನೋಡಿಯೇ ಬಿಡಬೇಕು.

ಇನ್ನು ಕಬ್ಬಿಣದ ಆಂಗಲ್ ಗೂಟ ಬಡಿಯುವುದು. ಶಾಮಿಯಾನದವರು ಗೂಟವನ್ನು ಹಗ್ಗದ ಎದುರು ದಿಕ್ಕಿಗೆ ವಾಲಿಸಿ ಹೊಡೆಯುತ್ತಾರಲ್ಲ, ಎರಡು ದಿನದ ಮದುವೆಗೆ ಅದು ಸರಿ. ಬೇಲಿಗೆ ಬೇಡ.

ಹಾಸುಬಂಡೆ ಬಂದರೆ

ಒಂದಡಿ ಅಗೆದ ಕೂಡಲೇ ಬಂಡೆ ಠಣ್ ಅಂದರೆ ತುಂಬ ಜನ ಬೇಸರ ಮಾಡಿಕೊಳ್ಳುತ್ತಾರೆ. ನಾನು ಖುಷಿಪಡುತ್ತೇನೆ. ಬಂಡೆಗಿಂತ ಒಳ್ಳೆಯ ಆಸರೆ ಎಲ್ಲಿದೆ? ಡ್ರಿಲ್ ಮಾಡುವವರನ್ನು ಕರೆಸಿ ಒಂದರಿಂದ ಒಂದೂವರೆ ಅಡಿ ರಂಧ್ರ ಹೊಡೆಸಿ. ಒಳಗಿನ ಪುಡಿಯನ್ನು ಊದಿ ಪೂರ್ತಿ ತೆಗೆಯಿರಿ. ಪುಡಿ ಉಳಿದರೆ ಸಿಮೆಂಟ್ ಬಂಡೆಗೆ ಹಿಡಿಯದೆ ಪುಡಿಗೆ ಹಿಡಿಯುತ್ತದೆ. ತಳದಿಂದ ಗ್ರೌಟ್, ಅಂದರೆ ತೆಳು ಸಿಮೆಂಟ್ ಗಾರೆ, ತುಂಬುತ್ತಾ ಬಂದು 16 ಎಂಎಂ ಟಾರ್ ಸಲಾಕೆ ತಿರುಗಿಸುತ್ತಾ ಇಳಿಸಿ, ಒಂದು ವಾರ ಬಿಡಿ. ಬಂಡೆ ಬಿರುಕು ಬಿಟ್ಟಿಲ್ಲ, ಬಿಡಿ ಗುಂಡಲ್ಲ ಅನ್ನುವುದನ್ನು ಮಾತ್ರ ಮೊದಲು ಹಾರೆಯಿಂದ ಬಡಿದು ಖಾತ್ರಿ ಮಾಡಿಕೊಳ್ಳಿ.

ಎರೆ ಮಣ್ಣಿನ ಸಂಕಟ

ಗದಗ, ವಿಜಯಪುರ, ಕಲಬುರಗಿ, ರಾಯಚೂರಿನ ಎರೆ ಹೊಲದವರ ಕಷ್ಟವೇ ಬೇರೆ. ಅಲ್ಲಿ ಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕೈ ತೂರುವಷ್ಟು ಬಿರುಕು ಬಿಡುತ್ತದೆ. ಅಕ್ಕನ ಹೊಲದಲ್ಲಿ ಏಪ್ರಿಲ್‌ನಲ್ಲಿ ಕಂಬದ ಸುತ್ತ ಎರಡು ಬೆರಳು ಸಂದಿ ಕಂಡಿತ್ತು. ಕಂಬ ಗುಂಡಿಯಲ್ಲಿ ಸುಮ್ನೆ ನಿಂತ ಹಾಗಿತ್ತು. ಇಂಥ ಮಣ್ಣಿನಲ್ಲಿ ಎರಡಡಿ ಆಳದ ಯಾವ ಆಸರೆಯೂ ವರ್ಷ ವರ್ಷ ಮೇಲೆ ಕೆಳಗೆ ಆಡುತ್ತಾ ಸಡಿಲವಾಗುತ್ತದೆ. ಸಪೋರ್ಟ್ ಕಲ್ಲಿನ ಬುಡ ಉಬ್ಬಿದಾಗ ಕಂಬವನ್ನೇ ಎತ್ತಿಬಿಡುತ್ತದೆ.

ಅಲ್ಲಿ ನಾವು ಮಾಡಿದ್ದು ಹೀಗೆ. ಸ್ಟೇ ಸೆಟ್ಟನ್ನು ಐದಡಿ ಆಳಕ್ಕೆ, ಬೇಸಿಗೆಯಲ್ಲೂ ಮಣ್ಣು ತಂಪಾಗಿ ಬಿರುಕಿಲ್ಲದೆ ಇರುವ ಮಟ್ಟಕ್ಕೆ ಇಳಿಸಿದೆವು. ಅಗೆದ ಎರೆ ಹೆಂಟೆಯನ್ನು ವಾಪಸು ತುಂಬಲಿಲ್ಲ. ಒಂದು ಟ್ರ್ಯಾಕ್ಟರ್ ಗರಸು ಮಣ್ಣು ತರಿಸಿ ದಮ್ಮಸು ಮಾಡುತ್ತಾ ತುಂಬಿದೆವು. ಮೇಲೆ ನೀರು ನಿಲ್ಲದ ಹಾಗೆ ದಿಬ್ಬ ಏರಿಸಿದೆವು. ತಿರುಪನ್ನು ಮಳೆಗಾಲ ಮುಗಿದ ಮೇಲೊಮ್ಮೆ, ಬೇಸಿಗೆಯಲ್ಲೊಮ್ಮೆ ನೋಡುತ್ತೇವೆ. ಬೇಸಿಗೆಯಲ್ಲಿ ತೀರಾ ಬಿಗಿ ಮಾಡಬಾರದು, ಮಳೆಗೆ ಮಣ್ಣು ಉಬ್ಬಿದಾಗ ತಂತಿಗೆ ಒತ್ತಡ ಜಾಸ್ತಿಯಾಗುತ್ತದೆ. ಎರೆ ಹೊಲದಲ್ಲಿ ಸ್ಕ್ರೂ ಆಂಕರ್ ಕೂಡ ಒಳ್ಳೆಯದೇ, ಕಲ್ಲಿನ ಕಾಟ ಇಲ್ಲ. ಆದರೆ ಆಳದ ಮಾತು ಅದಕ್ಕೂ ಅಷ್ಟೇ. ಮೂರಡಿಯ ಗಿಡ್ಡ ಸ್ಕ್ರೂ ಬೇಡ.

ಕರಾವಳಿಯಲ್ಲಿ ವರ್ಷಕ್ಕೆ 3000 ಎಂಎಂ ಮೀರಿ ಮಳೆ, ಜೊತೆಗೆ ಉಪ್ಪು ಗಾಳಿ. ಕುಮಟಾದ ತೋಟದಲ್ಲಿ ಮೇಲುಭಾಗ ಕೆಂಪು ಮುರಕಲ್ಲು. ಪಿಕಾಸಿಯಲ್ಲಿ ಕಡಿಯುವುದು ಕಷ್ಟ, ಆದರೆ ಕಡಿದ ಗುಂಡಿಯ ಗೋಡೆ ಗೋಡೆಯಾಗಿಯೇ ನಿಲ್ಲುತ್ತದೆ. ಹೂತ ಕಲ್ಲಿಗೆ ಹೇಳಿ ಮಾಡಿಸಿದ ನೆಲ. ಅಲ್ಲಿ ಗಮನವೆಲ್ಲ ತುಕ್ಕಿನ ಮೇಲೆ ಇರಬೇಕು. ಬಿಸಿ ಸತುವಿನಲ್ಲಿ ಅದ್ದಿ ತೆಗೆದ ಸಲಾಕೆಯೇ ಬೇಕು, ಬಣ್ಣ ಬಳಿದದ್ದು ನಾಲ್ಕು ಮಳೆಗಾಲ ದಾಟುವುದು ಕಷ್ಟ. ಸಮುದ್ರದಂಚಿನ ಮರಳಾದರೆ ಅಗೆದ ಗುಂಡಿಯೇ ನಿಲ್ಲುವುದಿಲ್ಲ, ಅಲ್ಲಿ ಅಗಲ ರೆಕ್ಕೆಯ ಉದ್ದನೆಯ ಸ್ಕ್ರೂ ಗೆಲ್ಲುತ್ತದೆ.

ಗದ್ದೆ ಬದು, ಕೆರೆಯ ಹಿಂಭಾಗದಂಥ ನೀರು ನಿಲ್ಲುವ ಜಾಗಕ್ಕೆ ಎಲ್ಲದರಲ್ಲೂ ಹೆಚ್ಚು ಆಳ, ಹೆಚ್ಚು ಅಗಲ ಬೇಕು. ಬಾವಿಯಲ್ಲಿ ಕೊಡ ನೀರಿನೊಳಗೆ ಹಗುರ, ಮೇಲೆ ಬಂದ ಮೇಲೆ ಭಾರ. ಅದೇ ರೀತಿ ನೀರಲ್ಲಿ ಮುಳುಗಿದ ಮಣ್ಣು ತನ್ನ ತೂಕದ ಅರ್ಧದಷ್ಟನ್ನೇ ಆಂಕರ್ ಮೇಲೆ ಹೇರುತ್ತದೆ. ಬೇಸಿಗೆಯಲ್ಲಿ ಕಬ್ಬಿಣದಂತಿದ್ದ ಮೂಲೆ ಮಳೆಗಾಲದಲ್ಲಿ ಏಳುವುದಕ್ಕೆ ಕಾರಣ ಇದು.

ಕಂಬಗಳ ವಿಷಯ

ಅಂಗಳದ ಲೈಟ್ ಕಂಬ, ಕ್ಯಾಮೆರಾ ಕಂಬ, ಇಂಟರ್‌ನೆಟ್ ಕಂಬ ಇಂಥವಕ್ಕೂ ಇದೇ ಆಸರೆಗಳು ಹೊಂದುತ್ತವೆ. ಕಂಬದ ಉದ್ದದ ಆರನೇ ಒಂದು ಭಾಗ ನೆಲದೊಳಗೆ ಇರಬೇಕು ಎಂಬುದು ಹಳೆಯ ಲೆಕ್ಕ. ಒಂದೇ ಕಡೆಗೆ ವೈರಿನ ಎಳೆತವಿದ್ದರೆ ಅದರ ಎದುರಿಗೆ ಒಂದು ಸ್ಟೇ ಸಾಕು. ಬರೀ ಗಾಳಿಗೆ ನಿಲ್ಲಬೇಕಾದ ಕಂಬಕ್ಕೆ ಸುತ್ತಲೂ ಸಮ ಅಂತರದಲ್ಲಿ ಮೂರು. ಓಡಾಡುವ ಜಾಗದಲ್ಲಿ ಸ್ಟೇ ವೈರಿಗೆ ಆರಡಿ ಎತ್ತರದವರೆಗೆ ಹಳದಿ ಬಣ್ಣದ ಪೈಪು ತೊಡಿಸಿ. ಕತ್ತಲಲ್ಲಿ ಬೈಕಿನವರಿಗೆ ತಂತಿ ಕಾಣುವುದಿಲ್ಲ.

ಆದರೆ ಕರೆಂಟ್ ಲೈನಿನ ಕಂಬ ನಿಮ್ಮ ಹೊಲದ ನಡುವೆ ಇದ್ದರೂ ಅದು ನಿಮ್ಮದಲ್ಲ. ಅದರ ಸ್ಟೇ ವೈರನ್ನು ಯಾವ ಕಾರಣಕ್ಕೂ ಮುಟ್ಟಬೇಡಿ. ಉಳುಮೆಗೆ ಅಡ್ಡ ಅಂತ ಬಿಚ್ಚಬೇಡಿ, ಸಡಿಲವಾಗಿದೆ ಅಂತ ನೀವೇ ಬಿಗಿಯಬೇಡಿ. ದನ ಕಟ್ಟಬೇಡಿ. ಬೇಲಿಯ ತಂತಿಯನ್ನಂತೂ ಆ ಕಂಬಕ್ಕಾಗಲಿ ಸ್ಟೇಗಾಗಲಿ ಸುತ್ತಲೇಬೇಡಿ. ಮೇಲೆ ಎಲ್ಲೋ ಇನ್ಸುಲೇಟರ್ ಒಡೆದು ಕರೆಂಟ್ ಇಳಿದರೆ ಒಂದು ಜಾಗದ ಅಪಾಯ ಇಡೀ ಬೇಲಿಗೆ ಹರಡುತ್ತದೆ. ನೂರು ಮೀಟರ್ ಆಚೆ ಬೇಲಿ ದಾಟುವ ಮಗುವಿಗೆ ಅದು ಗೊತ್ತಾಗುವುದಿಲ್ಲ. ಸ್ಟೇ ವೈರಿನ ಮಧ್ಯೆ ಮೊಟ್ಟೆಯಾಕಾರದ ಪಿಂಗಾಣಿ ಇನ್ಸುಲೇಟರ್ ನೋಡಿರುತ್ತೀರಿ. ನೆಲದಿಂದ 3 ಮೀಟರಿಗಿಂತ ಮೇಲೆ ಅದನ್ನು ಹಾಕುವುದೇ ಕೆಳಗೆ ನಿಂತವರ ಜೀವ ಉಳಿಯಲಿ ಅಂತ. ಅದು ಒಡೆದಿದ್ದರೆ, ಸ್ಟೇ ಕಡಿದಿದ್ದರೆ, ಕಂಬ ವಾಲಿದ್ದರೆ ದೂರ ನಿಂತು 1912ಕ್ಕೆ ಫೋನ್ ಮಾಡಿ. ಸ್ವಂತ ಕಂಬದ ಮೇಲೂ ಕರೆಂಟ್ ವೈರ್ ಹೋಗುವುದಾದರೆ ಅದರ ಸ್ಟೇಗೂ ಅಂಥ ಇನ್ಸುಲೇಟರ್ ಬೇಕು. ಆ ಕೆಲಸ ಲೈಸೆನ್ಸ್ ಇರುವವರದು.

ತಂತಿ ಕಟ್ಟುವಾಗ

ಎಳೆ ಹೊಸೆದ ಸ್ಟೇ ವೈರನ್ನು ಕಿವಿಗೆ ನೇರವಾಗಿ ಸುತ್ತಬೇಡಿ, ಥಿಂಬಲ್ ಹಾಕಿ. ಇಲ್ಲದಿದ್ದರೆ ಮಡಚಿದ ಜಾಗದಲ್ಲೇ ಎಳೆಗಳು ಒಂದೊಂದಾಗಿ ಕಡಿಯುತ್ತವೆ. ಕ್ಲಾಂಪ್ ಮೂರು ಇರಲಿ. ಕ್ಲಾಂಪಿನ ಯು ಆಕಾರದ ಬೋಲ್ಟ್ ತಂತಿಯ ಗಿಡ್ಡ ತುದಿಯ ಕಡೆಗೆ, ಅಗಲ ತಳ ಎಳೆತದ ಉದ್ದ ತಂತಿಯ ಕಡೆಗೆ. ಉಲ್ಟಾ ಹಾಕಿದರೆ ಯು ಬೋಲ್ಟು ಭಾರ ಹೊತ್ತ ತಂತಿಯನ್ನೇ ಜಜ್ಜುತ್ತದೆ. ಮೊದಲ ದಿನ ಬಿಗಿದು ಹತ್ತು ದಿನ ಬಿಟ್ಟು ಇನ್ನೊಮ್ಮೆ ನಟ್ಟು ಬಿಗಿಯಿರಿ.

ನಮ್ಮ ಮೂಲೆಗೆ ಕೊನೆಗೆ ಮಾಡಿದ್ದು

ಈಶಾನ್ಯ ಮೂಲೆಯ ಒಂದು ಕಡೆ ಬಂಡಿ ದಾರಿ, ಇನ್ನೊಂದು ಕಡೆ ಪಕ್ಕದವರ ಬದು. ಹೊರಗೆ ಸ್ಟೇ ಹಾಕುವಂತಿರಲಿಲ್ಲ. ಮಣ್ಣಿನಲ್ಲಿ ಗರಸು ಕಲ್ಲು, ಸ್ಕ್ರೂ ಇಳಿಯಲಿಲ್ಲ. ಆಗ ಊರಿನ ಹಿರಿಯರೊಬ್ಬರು, ‘ಮೂಲೆಯನ್ನು ಬಿಟ್ಟುಬಿಡಪ್ಪ, ಅಷ್ಟು ಚೂಪಾಗಿ ಯಾಕೆ ಬೇಕು?’ ಅಂದರು. ಅವರ ಮಾತಿನಂತೆ ಮೂಲೆಯಿಂದ ಎರಡೂ ಕಡೆ ಎಂಟೆಂಟು ಅಡಿ ಹಿಂದೆ ಸರಿದು ಒಂದೊಂದು ದಪ್ಪ ಕಂಬ ನೆಟ್ಟೆವು. ಎರಡು ಉದ್ದ ಸಾಲುಗಳ ತಂತಿ ಅಲ್ಲೇ ಕೊನೆಯಾಯಿತು. ಪ್ರತಿ ಕಂಬದ ಸ್ಟೇ ಅದೇ ಸಾಲಿನ ನೇರಕ್ಕೆ, ಹಳೇ ಮೂಲೆಯ ಕಡೆಗೆ ಹೋಯಿತು. ಹಾಗಾಗಿ ಹೂತ ಕಲ್ಲು ಎರಡೂ ನಮ್ಮ ಜಾಗದಲ್ಲೇ ಉಳಿದವು. ಎರಡು ಕಂಬಗಳ ನಡುವಿನ ಓರೆ ತುಂಡಿಗೆ ತಂತಿಯನ್ನು ಹಗುರವಾಗಿ ಕಟ್ಟಿದೆವು. ಅದಕ್ಕೆ ಎಳೆತವೇ ಇಲ್ಲ.

ಬೇಲಿಯ ಹೊರಗೆ ಬಿಟ್ಟ ಜಾಗ 32 ಚದರ ಅಡಿ. ಅಲ್ಲಿ ಕತ್ತಾಳೆ ನೆಟ್ಟಿದ್ದೇವೆ. ಸ್ಟೇ ಹತ್ತಿರ ದನ ಬರುವುದಿಲ್ಲ. ಮೂರು ಮಳೆಗಾಲ ಕಳೆದಿವೆ. ತೂಕದ ಗುಂಡು ಹಿಡಿದು ನೋಡಿದರೂ ಕಂಬ ನೆಟ್ಟಗೇ ನಿಂತಿದೆ. ಹೋದ ತಿಂಗಳು ಹೋದಾಗ ತಿರುಪನ್ನು ಎರಡು ಸುತ್ತು ಬಿಗಿದು ಗ್ರೀಸ್ ಹಚ್ಚಿ ಬಂದೆ.